ಸೈಟ್ ಓಪನ್ ಆಗದ ಕಂಪ್ಯೂಟರ್: ದುಡ್ಡು ಕೊಟ್ಟ ಆಂಟಿವೈರಸ್, ಫ್ರೀ ಟೂಲ್, ಫಾರ್ಮ್ಯಾಟ್, ಇದ್ರಲ್ಲಿ ಯಾವ್ದು ಕೆಲ್ಸಕ್ಕೆ ಬಂತು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಆಡ್‌ಡಬ್ಲ್ಯೂ ಕ್ಲೀನರ್‌ಗೆ, ಅಂದ್ರೆ ಕಂಪ್ಯೂಟರ್‌ಗೆ ಹೊಕ್ಕ ಬೇಡದ ಪ್ರೋಗ್ರಾಂಗಳನ್ನ ಹುಡುಕಿ ತೆಗೆಯೋ ಟೂಲ್‌ಗೆ. ಫ್ರೀ, ಸಣ್ಣ ಫೈಲು, ಇನ್‌ಸ್ಟಾಲ್ ಮಾಡೋ ರಗಳೆ ಇಲ್ಲ, ಕೆಲ್ಸ ಮುಗಿದ್ಮೇಲೆ ಡಿಲೀಟ್ ಮಾಡಿದ್ರೆ ಆಯ್ತು. 700 ಚಿಲ್ಲರೆ ಕೊಟ್ಟು ತಗೊಂಡ ಆಂಟಿವೈರಸ್ (ಹೆಸ್ರು ಬೇಡ ಬಿಡಿ) ಅರ್ಧಕ್ಕೆ ಕೈಬಿಟ್ಟಿದ್ದನ್ನ ಇದು ಮುಗಿಸಿಕೊಡ್ತು, ಅದಕ್ಕೇ ಈ ಪಕ್ಷಪಾತ.

ನಂದು ಜೆರಾಕ್ಸ್, ಟೈಪಿಂಗ್ ಅಂಗಡಿ, ವಿಂಡೋಸ್ 10 ಇರೋ ಹಳೇ ಡೆಸ್ಕ್‌ಟಾಪು. ನ್ಯೂಸು, ಯೂಟ್ಯೂಬು ಎಲ್ಲ ಓಪನ್ ಆಗ್ತಿತ್ತು, ಆಂಟಿವೈರಸ್ ಕಂಪನಿಗಳ ಸೈಟು ಮಾತ್ರ ಒಂದೂ ಬರ್ತಿರ್ಲಿಲ್ಲ. ಅದೇ ವೈಫೈನಲ್ಲಿ ಮೊಬೈಲಲ್ಲಿ ನೋಡಿದ್ರೆ ಎಲ್ಲ ಸರಿ. ಈ ಮೊಬೈಲ್ ಚೆಕ್ ಯಾರೇ ಆದ್ರೂ ಮೊದ್ಲು ಮಾಡ್ಬೇಕು, ಮೊಬೈಲಲ್ಲೂ ಬರ್ತಿಲ್ಲ ಅಂದ್ರೆ ಹೆಚ್ಚಾಗಿ ರೌಟರ್ ಇಲ್ಲಾ ನೆಟ್ ಕೊಡೋರ ಕಡೆ ತೊಂದ್ರೆ, ಕಂಪ್ಯೂಟರ್ ಸ್ಕ್ಯಾನ್ ಮಾಡ್ಕೊಂಡು ಕೂತ್ರೆ ಟೈಮ್ ವೇಸ್ಟು. ನನ್ನ ಕಂಪ್ಯೂಟರ್‌ಗೆ ಹೊಕ್ಕಿದ್ದು ಸ್ಪೈವೇರು, ಅಂದ್ರೆ ನಾವು ಮಾಡೋದನ್ನ ಕದ್ದು ನೋಡೋ ಪ್ರೋಗ್ರಾಂ. ಆಂಟಿವೈರಸ್ ಸೈಟನ್ನೇ ಹುಡುಕಿ ತಡೆಯೋದು ಇಂಥವುಗಳ ಹಳೇ ಚಾಳಿ, 2008ರಲ್ಲಿ ಬಂದ ಕಾನ್ಫಿಕರ್ ಅನ್ನೋ ವೈರಸ್ ಕೂಡ ಇದನ್ನೇ ಮಾಡ್ತಿತ್ತು, ಮೆಡಿಕಲ್ ಶಾಪ್‌ಗೆ ಹೋಗೋ ದಾರಿಗೇ ಬೇಲಿ ಹಾಕಿದ ಹಾಗೆ.

ಸರಿ, ಆಂಟಿವೈರಸ್ ತಗೊಂಡೆ, ಸೆಟಪ್ ಫೈಲ್ ಮೊಬೈಲಲ್ಲಿ ಡೌನ್‌ಲೋಡ್ ಮಾಡಿ ಕೇಬಲ್ ಹಾಕಿ ಕಾಪಿ ಮಾಡ್ಕೊಂಡೆ. ಸ್ಕ್ಯಾನ್ ಚೆನ್ನಾಗೇ ಮಾಡ್ತು, ಸುಮಾರು ಕಸ ಹಿಡೀತು, ಹಸಿರು ಟಿಕ್ ಮಾರ್ಕ್ ಹಾಕಿ ನಿಮ್ಮ ಕಂಪ್ಯೂಟರ್ ಸುರಕ್ಷಿತ ಅಂತು. ರೀಸ್ಟಾರ್ಟ್ ಮಾಡಿದ್ಮೇಲೆ ಶುರುವಾಯ್ತು ನೋಡಿ. ಮುಂಚೆ ನಾಲ್ಕು ಸೈಟ್ ಬರ್ತಿರ್ಲಿಲ್ಲ, ಈಗ ಒಂದೂ ಇಲ್ಲ. ಕ್ರೋಮ್ ತೆಗೆದ್ರೆ ಪ್ರಾಕ್ಸಿ ಸರ್ವರ್‌ಗೆ (ಬ್ರೌಸರ್‌ಗೂ ಇಂಟರ್ನೆಟ್‌ಗೂ ನಡುವಿನ ದಲ್ಲಾಳಿ) ಕನೆಕ್ಟ್ ಆಗ್ತಿಲ್ಲ ಅನ್ನೋ ಎರರ್ರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ರೌಟರ್ ಆಫ್ ಮಾಡಿ ಆನ್ ಮಾಡಿ ಸರ್, ಬ್ರೌಸರ್ ತೆಗೆದು ಮತ್ತೆ ಹಾಕಿ ಸರ್. ಅಂಗಡಿ ಮುಂದೆ ಜನ ಅಪ್ಲಿಕೇಶನ್ ಹಾಕಿಸೋಕೆ ನಿಂತಿದ್ದಾರೆ, ಇವ್ರು ಟಿಕೆಟ್ ರೈಸ್ ಮಾಡ್ತೀವಿ ಅಂತಾರೆ.

ವಿಷಯ ಏನಂದ್ರೆ, ಆ ಸ್ಪೈವೇರು ಕಂಪ್ಯೂಟರ್ ಒಳಗೇ ಒಂದು ಪ್ರಾಕ್ಸಿ ಕೂರಿಸಿತ್ತು. ಬ್ರೌಸರ್ ಕೇಳೋ ಪ್ರತಿಯೊಂದೂ ಮೊದ್ಲು ಅದರ ಕೈಗೆ ಹೋಗಿ ಆಮೇಲೆ ಹೊರಗೆ ಹೋಗ್ಬೇಕು, ನಡುವೆ ಏನು ನೋಡ್ತು ಏನು ಬರ್ಕೊಳ್ತು ಗೊತ್ತಿಲ್ಲ. ಆಂಟಿವೈರಸ್ ಆ ಪ್ರೋಗ್ರಾಂ ಫೈಲನ್ನ ಅಳಿಸ್ತು, ಆದ್ರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಪ್ರಾಕ್ಸಿ ಅಂತ ಇದ್ಯಲ್ಲ, ಅಲ್ಲಿ 127.0.0.1, ಪೋರ್ಟ್ 8080 ಅಂತ ಬರೆದಿದ್ದನ್ನ ಹಂಗೇ ಬಿಟ್ಟಿತ್ತು. 127.0.0.1 ಅಂದ್ರೆ ಇದೇ ಕಂಪ್ಯೂಟರ್, ಅಂದ್ರೆ ಬ್ರೌಸರ್ ಹೋಗಿ ಬಾಗಿಲು ತಟ್ಟುತ್ತೆ, ತೆಗೆಯೋರು ಯಾರೂ ಇಲ್ಲ. ಇದೇ ಕಾರಣ ಅಂತ ಖಾತ್ರಿ ಮಾಡ್ಕೊಳ್ಳೋಕೆ ಸುಲಭ ದಾರಿ ಇದೆ, ಫೈರ್‌ಫಾಕ್ಸ್‌ನಲ್ಲಿ ಕನೆಕ್ಷನ್ ಸೆಟ್ಟಿಂಗ್ಸ್‌ಗೆ ಹೋಗಿ ನೋ ಪ್ರಾಕ್ಸಿ ಅಂತ ಹಾಕಿ. ಅದ್ರಲ್ಲಿ ಸೈಟ್ ಬಂತು, ಕ್ರೋಮ್‌ನಲ್ಲಿ ಬರ್ಲಿಲ್ಲ ಅಂದ್ರೆ ಕಳ್ಳ ಸಿಕ್ಕ.

ಪ್ರಾಕ್ಸಿ ಆಫ್ ಮಾಡ್ದೆ, ನೆಟ್ ಬಂತು. ಮಾರನೇ ದಿನ ಕಂಪ್ಯೂಟರ್ ಆನ್ ಮಾಡಿದ್ರೆ ಮತ್ತೆ ಆನ್! ಕೈಯಲ್ಲಿ ಆಫ್ ಮಾಡೋದು, ರೀಸ್ಟಾರ್ಟ್ ಆದಾಗ ಅದು ತಾನೇ ಆನ್ ಆಗೋದು, ಇದೇ ಆಟ. ಕೊನೆಗೆ ಗೊತ್ತಾಗಿದ್ದು ಟಾಸ್ಕ್ ಶೆಡ್ಯೂಲರ್‌ನಲ್ಲಿ (ಹೇಳಿಟ್ಟ ಕೆಲ್ಸವನ್ನ ತಾನಾಗೇ ಓಡಿಸೋ ವಿಂಡೋಸ್ ಟೂಲ್) ಅರ್ಥ ಇಲ್ಲದ ಅಕ್ಷರಗಳ ಹೆಸ್ರಲ್ಲಿ ಒಂದು ಟಾಸ್ಕ್ ಕೂತಿದೆ, ಪ್ರತಿ ಸಲ ಲಾಗಿನ್ ಆದಾಗ ಆಪ್‌ಡೇಟಾ ಫೋಲ್ಡರ್‌ನಲ್ಲಿರೋ ಒಂದು ಸ್ಕ್ರಿಪ್ಟ್ ಓಡಿಸಿ ಪ್ರಾಕ್ಸಿಯನ್ನ ವಾಪಸ್ ಬರೀತಿದೆ. ದುಡ್ಡು ತಗೊಂಡ ಆಂಟಿವೈರಸ್‌ಗೆ ಇದು ಕಾಣಲೇ ಇಲ್ಲ.

ರೋಗ ಹೋದ್ರೂ ಸೆಟ್ಟಿಂಗ್ ಉಳಿಯೋ ಈ ಕಥೆ ದೊಡ್ಡ ಮಟ್ಟದಲ್ಲೂ ಆಗಿದೆ. ಡಿಎನ್‌ಎಸ್ ಚೇಂಜರ್ ಅಂತ ಒಂದು ವೈರಸ್ ಇತ್ತು, ಕಂಪ್ಯೂಟರ್‌ಗಳ ಡಿಎನ್‌ಎಸ್ (ಸೈಟ್ ಹೆಸ್ರಿಗೆ ನಂಬರ್ ವಿಳಾಸ ಹುಡುಕಿಕೊಡೋ ಸರ್ವರ್) ವಿಳಾಸವನ್ನೇ ಬದಲಾಯಿಸಿ ಕಳ್ಳ ಸರ್ವರ್‌ಗೆ ತಿರುಗಿಸ್ತಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಆ ಗುಂಪಿನ ಜಾಲ ಒಡೀತು, ಆದ್ರೆ ಕಳ್ಳ ಸರ್ವರ್‌ಗಳನ್ನ ಒಂದೇ ಏಟಿಗೆ ನಿಲ್ಲಿಸಿದ್ರೆ ಲಕ್ಷಾಂತರ ಜನರ ಇಂಟರ್ನೆಟ್ಟೇ ನಿಂತುಹೋಗುತ್ತೆ ಅಂತ ಅದೇ ಜಾಗದಲ್ಲಿ ಒಳ್ಳೇ ಸರ್ವರ್ ಇಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯ್ತು. ನನ್ನ ಆಂಟಿವೈರಸ್ ಕಂಪನಿಗೆ ಅಷ್ಟು ಮುಂದಾಲೋಚನೆ ಇದ್ದಿದ್ರೆ ಸಾಕಿತ್ತು.

ಈಗ ಆಡ್‌ಡಬ್ಲ್ಯೂ ಕ್ಲೀನರ್. ಇದನ್ನೂ ಮೊಬೈಲಿಂದಲೇ ಕಾಪಿ ಮಾಡ್ಕೊಂಡೆ. ಸ್ಕ್ಯಾನ್ ಟೀ ಕುಡಿಯೋ ಹೊತ್ತಿಗೆ ಮುಗೀತು, ಆ ಟಾಸ್ಕೂ ಲಿಸ್ಟಲ್ಲಿ ಬಂತು. ನಂಗೆ ಇಷ್ಟ ಆಗಿದ್ದು ಸೆಟ್ಟಿಂಗ್ಸ್‌ನಲ್ಲಿರೋ ಬೇಸಿಕ್ ರಿಪೇರ್: ಪ್ರಾಕ್ಸಿ ರೀಸೆಟ್, ಹೋಸ್ಟ್ಸ್ ಫೈಲ್ (ಯಾವ ಸೈಟ್ ಹೆಸ್ರು ಯಾವ ವಿಳಾಸಕ್ಕೆ ಹೋಗ್ಬೇಕು ಅಂತ ಕಂಪ್ಯೂಟರಲ್ಲೇ ಬರೆದಿರೋ ಪಟ್ಟಿ) ರೀಸೆಟ್, ವಿನ್‌ಸಾಕ್ (ಪ್ರೋಗ್ರಾಂಗಳು ನೆಟ್ ಬಳಸೋಕೆ ಇರೋ ವಿಂಡೋಸ್ ಭಾಗ) ರೀಸೆಟ್ ಅಂತ ಒಂದೊಂದಕ್ಕೂ ಸ್ವಿಚ್ ಇದೆ. ಬೇಕಾದ್ದು ಆನ್ ಮಾಡಿ ಸಿಕ್ಕ ಕಸ ತೆಗೆಸಿದ್ರೆ ರೀಸ್ಟಾರ್ಟ್ ಆಗಿ ಬರುತ್ತೆ. ಆಮೇಲೆ ಪ್ರಾಕ್ಸಿ ತಾನಾಗೇ ಆನ್ ಆಗಿಲ್ಲ.

ಶುರುವಿನಲ್ಲಿ ಆಂಟಿವೈರಸ್ ಸೈಟುಗಳನ್ನ ತಡೀತಿದ್ದದ್ದು ಹೋಸ್ಟ್ಸ್ ಫೈಲು. ಸಿಸ್ಟಮ್32, ಡ್ರೈವರ್ಸ್, ಇಟಿಸಿ ಅಂತ ಒಳಗೊಳಗೆ ಹೋದ್ರೆ ಸಿಗುತ್ತೆ, ನೋಟ್‌ಪ್ಯಾಡನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೀದಿದ್ರೆ ಸೇವ್ ಮಾಡೋಕೆ ಬಿಡಲ್ಲ. ರೀಸೆಟ್ ಮಾಡೋ ಮುಂಚೆ ನಾನು ತೆಗೆದು ನೋಡಿದ್ದೆ, ಎಲ್ಲ ಸಾಲೂ ಹ್ಯಾಶ್ (#) ಚಿಹ್ನೆಯಿಂದ ಶುರು (ಅಂಥ ಸಾಲನ್ನ ವಿಂಡೋಸ್ ಲೆಕ್ಕಕ್ಕೆ ತಗೊಳಲ್ಲ), ಏನೂ ಇಲ್ಲ ಅನ್ಸುತ್ತೆ, ಆದ್ರೆ ಪಕ್ಕದ ಸ್ಕ್ರಾಲ್ ಪಟ್ಟಿ ಯಾಕೋ ಚಿಕ್ಕದಾಗಿತ್ತು. ಖಾಲಿ ಸಾಲು ದಾಟ್ಕೊಂಡು ಕೆಳಗೆ ಕೆಳಗೆ ಹೋದ್ರೆ ಅಲ್ಲಿ ಸಾಲಾಗಿ ಆಂಟಿವೈರಸ್ ಸೈಟುಗಳ ಹೆಸ್ರು, ಪ್ರತಿ ಹೆಸ್ರಿಗೂ ಮೊದ್ಲು 127.0.0.1. ಎಂಥ ಕಿಲಾಡಿ!

ಮಾಲ್‌ವೇರ್‌ಬೈಟ್ಸ್ ಫ್ರೀ: ಆಡ್‌ಡಬ್ಲ್ಯೂ ಕ್ಲೀನರನ್ನ 2016ರಲ್ಲಿ ಕೊಂಡಿದ್ದು ಇದೇ ಕಂಪನಿ. ಹುಡುಕೋದು ಜೋರು, ಆದ್ರೆ ನನ್ನ 4 ಜಿಬಿ ರ‍್ಯಾಮಿಗೆ ಭಾರ, ಟ್ರಯಲ್ ಮುಗಿದ್ಮೇಲೆ ನಾವೇ ಸ್ಕ್ಯಾನ್ ಒತ್ತಬೇಕು, ತಾನಾಗಿ ಕಾಯಲ್ಲ.

ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್: ವಿಂಡೋಸ್‌ನಲ್ಲೇ ಇದೆ, ಬಿಟ್ಟಿ. ವಿಂಡೋಸ್ ಪೂರ್ತಿ ಶುರುವಾಗೋ ಮುಂಚೆಯೇ ಸ್ಕ್ಯಾನ್ ಆಗೋದ್ರಿಂದ ಬಚ್ಚಿಟ್ಟುಕೊಳ್ಳೋ ವೈರಸ್‌ಗೆ ಒಳ್ಳೇದು. ಕೊನೆಗೆ ಏನಾದ್ರೂ ಉಳಿದಿದ್ಯಾ ಅಂತ ನೋಡೋಕೆ ಇದನ್ನ ಹಾಕಿದೆ, ಏನೂ ಸಿಗ್ಲಿಲ್ಲ.

ಫಾರ್ಮ್ಯಾಟ್: ಪಕ್ಕದ ರೋಡಿನ ಕಂಪ್ಯೂಟರ್ ರಿಪೇರಿ ಅಂಗಡಿಯವ್ರ ಮೊದಲ ಮಾತೇ ಇದು, 500 ಕೊಡಿ ಅಣ್ಣ ಹೊಸದಾಗಿ ಹಾಕ್ಕೊಡ್ತೀನಿ. 500 ದೊಡ್ಡದಲ್ಲ ರೀ, ಆಮೇಲೆ ಕನ್ನಡ ಟೈಪಿಂಗ್‌ಗೆ ನುಡಿ ಸಾಫ್ಟ್‌ವೇರ್ ಹಾಕ್ಬೇಕು, ಎರಡು ಪ್ರಿಂಟರ್ ಡ್ರೈವರ್ ಹಾಕ್ಬೇಕು, ಬೆರಳಚ್ಚು ಮಷೀನ್ ಮತ್ತೆ ಸೆಟ್ ಮಾಡ್ಬೇಕು, ಅಷ್ಟೊತ್ತು ಅಂಗಡಿ ಶಟರ್ ಎಳೆದು ಕೂರಕ್ಕಾಗುತ್ತಾ. ಮನೇಲಿ ಬರೀ ಸಿನಿಮಾ ನೋಡೋ ಕಂಪ್ಯೂಟರ್ ಆದ್ರೆ ಮಾಡ್ಸಿ, ತಲೆನೋವೇ ಇಲ್ಲ. ಕಂಪ್ಯೂಟರಿಂದ ಬ್ಯಾಂಕ್ ವ್ಯವಹಾರ ಜಾಸ್ತಿ ಮಾಡೋರು, ಕಚೇರಿ ಲೆಕ್ಕ ಇಟ್ಟಿರೋರು ಕೂಡ ಫಾರ್ಮ್ಯಾಟ್ ಮಾಡ್ಸೋದೇ ವಾಸಿ, ಟೂಲು ಎಷ್ಟು ಕ್ಲೀನ್ ಅಂದ್ರೂ ಆ ಧೈರ್ಯ ಬೇರೆ.

ನಂದು ಬ್ಯಾಂಕ್ ಕೆಲ್ಸ ಎಲ್ಲ ಮೊಬೈಲಲ್ಲೇ, ಹಂಗಾಗಿ ಆಡ್‌ಡಬ್ಲ್ಯೂ ಕ್ಲೀನರ್, ಹಿಂದೆ ಒಂದು ಆಫ್‌ಲೈನ್ ಸ್ಕ್ಯಾನ್, ಇಷ್ಟೇ ಸಾಕು, ಖರ್ಚು ಸೊನ್ನೆ. ಅಂಗಡಿ ಲಾಗಿನ್ ಪಾಸ್‌ವರ್ಡೆಲ್ಲ ಮೊಬೈಲಿಂದ ಬದಲಾಯಿಸಿದೀನಿ, ನೀವೂ ಕ್ಲೀನ್ ಮಾಡಿದ್ಮೇಲೆ ಅದನ್ನ ಬಿಡ್ಬೇಡಿ, ಬೇರೆ ಸಾಧನದಿಂದಲೇ ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಸಪೋರ್ಟ್ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ, ಈ ಡಬ್ಬಕ್ಕೆ 11 ಹತ್ತಲ್ಲ, ಮುಂದಿನ ದುಡ್ಡು ಏನಿದ್ರೂ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್‌ಗೆ. ಆಂಟಿವೈರಸ್ ಲೈಸೆನ್ಸ್ ಮುಗಿಯೋವರ್ಗೂ ಇರ್ಲಿ, ರಿನ್ಯೂ ಮಾಡಿ ಅಂತ ಈಗ್ಲೇ ಪಾಪಪ್ ಬರ್ತಿದೆ, ಕ್ಲೋಸ್ ಮಾಡ್ತಿದೀನಿ.