ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ: ಒಂದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಮೂರು ವಾರ

ಅಪ್ಪನಿಗೆ ಕೊಡಬೇಕಿದ್ದ ಲ್ಯಾಪ್‌ಟಾಪ್ ಹನ್ನೆರಡು ವರ್ಷ ಹಳೆಯದು. ಕೋರ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 1366×768 ಪರದೆ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದೆ. ಲಿನಕ್ಸಿನಲ್ಲಿ ಮೆನು, ಕಿಟಕಿ, ಸೆಟ್ಟಿಂಗ್ ಎಲ್ಲ ತೋರಿಸುವ ತಂತ್ರಾಂಶಕ್ಕೆ ಡೆಸ್ಕ್‌ಟಾಪ್ ಅನ್ನುತ್ತಾರೆ; ಹಳೆಯ ಯಂತ್ರಕ್ಕೆ ಹಗುರವಾದ ಡೆಸ್ಕ್‌ಟಾಪೇ ಸರಿ ಅಂತ ಎಲ್ಲರೂ ಹೇಳುತ್ತಾರೆ. ಬಳಸಿ ನೋಡದೆ ನಾನೂ ಹಲವರಿಗೆ ಹಾಗೇ ಹೇಳಿದ್ದೇನೆ. ಈ ಸಲ ಡೆಬಿಯನ್ 13 ಎಂಬ ಲಿನಕ್ಸ್ ಹಾಕಿ, ಕೆಡಿಇ ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಮೂರರಲ್ಲೂ ಒಂದೊಂದು ವಾರ ಕೆಲಸ ಮಾಡಿದೆ. ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಬೆರೆಯದಿರಲಿ ಅಂತ ಮೂರಕ್ಕೂ ಬೇರೆ ಬೇರೆ ಯೂಸರ್ ಖಾತೆ.

ಮೊದಲು ಮೆಮೊರಿ ಲೆಕ್ಕ. ಲಾಗಿನ್ ಆಗಿ ಏನನ್ನೂ ತೆರೆಯದೆ ನೋಡಿದಾಗ ಪ್ಲಾಸ್ಮಾ ಸುಮಾರು 1.2 ಜಿಬಿ, ಎಕ್ಸ್‌ಎಫ್‌ಸಿಇ 750 ಎಂಬಿ, ಎಲ್‌ಎಕ್ಸ್‌ಕ್ಯೂಟಿ 600 ಎಂಬಿ ಹಿಡಿದಿದ್ದವು. ದೊಡ್ಡ ಅಂತರವೇ. ಆದರೆ ಫೈರ್‌ಫಾಕ್ಸಿನಲ್ಲಿ ಐದಾರು ಟ್ಯಾಬ್ ತೆರೆದ ಕೂಡಲೇ ಅದೊಂದೇ ಯಾವ ಡೆಸ್ಕ್‌ಟಾಪಿಗಿಂತಲೂ ಹೆಚ್ಚು ಜಾಗ ತಿನ್ನುತ್ತದೆ. ವೇಗದ ಮಾತು ಬಂದರೆ, ಎಸ್‌ಎಸ್‌ಡಿಯಿಂದ ಸಿಕ್ಕಿದ ಲಾಭದ ಮುಂದೆ ಈ ಮೂರರ ನಡುವಿನ ವ್ಯತ್ಯಾಸ ಏನೇನೂ ಅಲ್ಲ. ಹಾರ್ಡ್ ಡಿಸ್ಕ್ ಇನ್ನೂ ಇರುವವರು ದುಡ್ಡನ್ನು ಮೊದಲು ಅಲ್ಲಿ ಹಾಕಲಿ, ಡೆಸ್ಕ್‌ಟಾಪ್ ಬದಲಿಸುವ ಯೋಚನೆ ಆಮೇಲೆ.

ಪ್ಲಾಸ್ಮಾ ನನ್ನನ್ನು ಅಚ್ಚರಿಗೊಳಿಸಿತು. ಹಳೆಯ ಇಂಟೆಲ್ ಗ್ರಾಫಿಕ್ಸಿನಲ್ಲೂ ಕಿಟಕಿಗಳು ತಡವರಿಸದೆ ತೆರೆದುಕೊಂಡವು. ಮೊದಲ ದಿನ ಮಾತ್ರ ಫ್ಯಾನ್ ಒಂದೇ ಸಮ ಸದ್ದು ಮಾಡಿತು. ನೋಡಿದರೆ ಬಲೂ ಎಂಬ ಕಡತ ಹುಡುಕಾಟದ ಸೇವೆ ನಾನು ತಂದು ಹಾಕಿದ್ದ ಫೈಲುಗಳನ್ನೆಲ್ಲ ಓದಿ ಸೂಚಿ ಮಾಡುತ್ತಿತ್ತು. ಸೆಟ್ಟಿಂಗ್ಸಿನಲ್ಲಿ ಅದನ್ನು ನಿಲ್ಲಿಸಿದ ಮೇಲೆ ಸದ್ದು ತಣ್ಣಗಾಯಿತು. ಆಲ್ಟ್ ಮತ್ತು ಸ್ಪೇಸ್ ಒತ್ತಿದರೆ ಬರುವ ಕೆರನ್ನರ್ ಅಂತೂ ಒಮ್ಮೆ ರೂಢಿಯಾದರೆ ಬಿಡಲಾಗದ್ದು: ಆ್ಯಪ್, ಫೈಲ್, ಲೆಕ್ಕ ಎಲ್ಲಕ್ಕೂ ಒಂದೇ ಪೆಟ್ಟಿಗೆ. ಕಷ್ಟ ಶುರುವಾಗುವುದು ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಾಟ್ಸ್‌ಆ್ಯಪ್ ವೆಬ್ ಮೂರೂ ಒಟ್ಟಿಗೆ ನಡೆಯುವಾಗ. 4 ಜಿಬಿ ತುಂಬಿ ಸ್ವಾಪ್‌ಗೆ, ಅಂದರೆ ಡಿಸ್ಕಿನಲ್ಲಿರುವ ಬದಲಿ ಮೆಮೊರಿಗೆ, ಕೈಹಾಕಿದ ಮೇಲೆ ಟ್ಯಾಬ್ ಬದಲಿಸಿದರೂ ಎರಡು ಕ್ಷಣ ಕಾಯಬೇಕು. ಎಕ್ಸ್‌ಎಫ್‌ಸಿಇಯಲ್ಲಿ ಇದೇ ಕೆಲಸ ಆರಾಮಾಗಿ ನಡೆಯಿತು. ಕೊನೆಯ ಆ 400-500 ಎಂಬಿಗೆ ಬೆಲೆ ಬರುವುದು ಇಲ್ಲೇ.

ಎಕ್ಸ್‌ಎಫ್‌ಸಿಇ ಎಂದರೆ ಬಡಕಲು, ಪ್ಲಾಸ್ಮಾ ಎಂದರೆ ಆಧುನಿಕ ಎನ್ನುವುದು ತಪ್ಪು. ಎಕ್ಸ್‌ಎಫ್‌ಸಿಇಯೂ ಪ್ಲಾಸ್ಮಾ ಮಾಡುವ ಕೆಡಿಇ ಯೋಜನೆಯೂ 1996ರಲ್ಲೇ ಶುರುವಾದವು. ಎಕ್ಸ್‌ಎಫ್‌ಸಿಇ ನಿಧಾನವಾಗಿ ಬದಲಾಗುತ್ತದೆ, ಅಷ್ಟೆ. ಅದರ 4.18 ಆವೃತ್ತಿ ಬಂದದ್ದು 2022ರ ಡಿಸೆಂಬರಿನಲ್ಲಿ, 4.20 ಬಂದದ್ದು 2024ರ ಡಿಸೆಂಬರಿನಲ್ಲಿ. ಎರಡು ವರ್ಷ ಎಲ್ಲಿಟ್ಟದ್ದು ಅಲ್ಲೇ ಇರುತ್ತದೆ ಎಂಬುದು ಅಪ್ಪನಂಥವರಿಗೆ ದೊಡ್ಡ ನೆಮ್ಮದಿ. ಥುನಾರ್ ಫೈಲ್ ಮ್ಯಾನೇಜರಿನಲ್ಲಿ ಎಫ್3 ಒತ್ತಿದರೆ ಎರಡು ಫೋಲ್ಡರ್ ಅಕ್ಕಪಕ್ಕ ಬರುತ್ತವೆ. ಕಿಟಕಿಯ ಅಂಚು ಮಾತ್ರ ತೀರಾ ತೆಳ್ಳಗೆ, ಮೌಸಿಗೆ ಸಿಗುವುದೇ ಇಲ್ಲ. ಆಲ್ಟ್ ಹಿಡಿದು ಬಲ ಗುಂಡಿಯಿಂದ ಎಳೆದರೆ ಎಲ್ಲಿಂದ ಬೇಕಾದರೂ ಹಿಗ್ಗಿಸಬಹುದು.

ಎಲ್‌ಎಕ್ಸ್‌ಕ್ಯೂಟಿ ಚುರುಕು, ನಿಜ. ಆದರೆ ಕಿಟಕಿಗಳನ್ನು ನಿಭಾಯಿಸುವ ಓಪನ್‌ಬಾಕ್ಸ್ ಜೊತೆ ಬಳಸಿದಾಗ ವಿಡಿಯೊ ನೋಡುವಾಗ ಚಿತ್ರ ಅಡ್ಡಡ್ಡ ಸೀಳಿದಂತೆ ಕಾಣುತ್ತಿತ್ತು. ಪರದೆಯ ಚಿತ್ರವನ್ನು ಜೋಡಿಸಿ ತೋರಿಸುವ ಪಿಕಾಮ್ ಎಂಬ ತಂತ್ರಾಂಶ ಸೇರಿಸಿ ಸರಿಮಾಡಿಕೊಂಡೆ. 2 ಜಿಬಿ ಯಂತ್ರವಿದ್ದರೆ ಇದನ್ನೇ ಹಾಕುತ್ತೇನೆ, 4 ಜಿಬಿಗೆ ಅಷ್ಟು ಬಿಟ್ಟುಕೊಡಬೇಕಿಲ್ಲ.

ಇನ್ನು ಕನ್ನಡ. ಅಪ್ಪನ ಕೈಗೆ ಕೂತಿರುವುದು ಕೆಜಿಪಿ ವಿನ್ಯಾಸ, ಅಂದರೆ ನುಡಿ ತಂತ್ರಾಂಶದ ಕೀಲಿಮಣೆ. ಬೇರೆ ಭಾಷೆಗಳ ಟೈಪಿಂಗ್ ನಿಭಾಯಿಸುವ ಐಬಸ್ ಜೊತೆ, ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿ, ಆ ವಿನ್ಯಾಸ ಸೇರಿಸಿದರೆ ಎಕ್ಸ್‌ಎಫ್‌ಸಿಇಯಲ್ಲಿ ಮರುಲಾಗಿನ್ ಆದ ಕೂಡಲೇ ಬರೆಯಬಹುದು. ಪ್ಲಾಸ್ಮಾ ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯ ಮೇಲೆ ನಡೆಯುವುದರಿಂದ ಸಿಸ್ಟಮ್ ಸೆಟ್ಟಿಂಗ್ಸಿನ ವರ್ಚುವಲ್ ಕೀಬೋರ್ಡ್ ಪುಟಕ್ಕೆ ಹೋಗಿ ಐಬಸ್ ವೇಲ್ಯಾಂಡ್ ಆರಿಸಬೇಕು. ಈ ಪುಟ ಸಿಗುವವರೆಗೆ ನನಗೆ ಅರ್ಧ ದಿನ ಹೋಯಿತು. ಆರಿಸಿದ ಮೇಲೆ ಯಾವ ತೊಂದರೆಯೂ ಇಲ್ಲ.

ಓದುವುದು ಇನ್ನೊಂದು ಕಥೆ. 10 ಪಾಯಿಂಟಿನಲ್ಲಿ ‘ರಾಷ್ಟ್ರ’ ಎಂದು ಬರೆದರೆ ಕೆಳಗಿನ ಎರಡು ಒತ್ತು ಕಲಸಿಹೋಗುತ್ತಿದ್ದವು. “ಅಕ್ಷರ ಕಾಣ್ತದಪ್ಪಾ, ಒತ್ತು ಕಾಣ್ತಿಲ್ಲ,” ಅಂದರು ಅಪ್ಪ. ಪ್ಲಾಸ್ಮಾದಲ್ಲಿ ಇಡೀ ಪರದೆಯನ್ನು 125% ಹಿಗ್ಗಿಸಿದೆ. ಅಕ್ಷರವೇನೋ ಚೊಕ್ಕವಾಗಿ ಬಂತು, ಆದರೆ 768 ಸಾಲಿನ ಪರದೆಯಲ್ಲಿ ಕೆಲವು ಸೆಟ್ಟಿಂಗ್ ಕಿಟಕಿಗಳ ಗುಂಡಿಗಳು ಕೆಳಗೆ ಮರೆಯಾದವು. ಎಕ್ಸ್‌ಎಫ್‌ಸಿಇಯಲ್ಲಿ ಫಾಂಟ್ ಡಿಪಿಐಯನ್ನು 96ರಿಂದ 112ಕ್ಕೆ ಏರಿಸಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದೆ. ಅಕ್ಷರ ಮಾತ್ರ ಬೆಳೆಯಿತು, ಉಳಿದದ್ದೆಲ್ಲ ಇದ್ದಷ್ಟೇ ಇತ್ತು. ಹೆಚ್ಚು ಸಾಂದ್ರತೆಯ ಹೊಸ ಪರದೆಗಳಲ್ಲಿ ಲೆಕ್ಕ ತಿರುಗುಮುರುಗು. ನನ್ನ 16 ಜಿಬಿ ಲ್ಯಾಪ್‌ಟಾಪಿನಲ್ಲಿ ಪ್ಲಾಸ್ಮಾ ಹಿಗ್ಗಿಸುವ ಅಚ್ಚುಕಟ್ಟುತನ ಎಕ್ಸ್‌ಎಫ್‌ಸಿಇಗೆ ಬರುವುದಿಲ್ಲ, ಹಾಗಾಗಿ ಅಲ್ಲಿ ಪ್ಲಾಸ್ಮಾನೇ.

ಅಪ್ಪನ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಉಳಿಸಿದೆ. ಪ್ಲಾಸ್ಮಾದಿಂದ ಬಿಟ್ಟುಕೊಡಲು ಮನಸ್ಸಾಗದ ಒಂದೇ ಒಂದು ಸೌಲಭ್ಯ, ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕೆಡಿಇ ಕನೆಕ್ಟ್. ಅದನ್ನು ಎಕ್ಸ್‌ಎಫ್‌ಸಿಇಯಲ್ಲೂ ಹಾಕಬಹುದು, ಜೊತೆಗೆ ಕೆಲವು ಕೆಡಿಇ ಲೈಬ್ರರಿಗಳು ಬರುತ್ತವೆ, ಬರಲಿ. ತಮ್ಮ ಹಳೆಯ ಕೈಬರಹದ ನೋಟ್‌ಬುಕ್ಕಿನ ಪುಟಗಳನ್ನು ಅಪ್ಪ ಫೋನಿನಲ್ಲಿ ತೆಗೆದು ವೈಫೈ ಮೂಲಕ ನೇರವಾಗಿ ಲ್ಯಾಪ್‌ಟಾಪಿಗೆ ಕಳಿಸಿ, ಪಕ್ಕದಲ್ಲಿಟ್ಟುಕೊಂಡು ಟೈಪ್ ಮಾಡುತ್ತಿದ್ದಾರೆ.