ಡಿಸ್ಕ್ ಓದುತ್ತಿಲ್ಲ ಅಂತ ಪೇಸ್ಟ್ ಹಚ್ಚೋಕೆ ಮುಂಚೆ ಇದನ್ನು ಓದಿ

ಹಳೆಯ ಗೇಮ್ ಡಿಸ್ಕ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಈ ಮಾತು. ಇನ್‌ಸ್ಟಾಲ್ ಮಾಡುವಾಗ ರೀಡ್ ಎರರ್ ಬಂದರೆ ಡಿಸ್ಕ್‌ಗೆ ಟೂತ್‌ಪೇಸ್ಟ್ ಹಚ್ಚಬೇಡಿ. ಬೇರೆ ಯಾರಾದರೂ ಹಚ್ಚಿ ಕೊಡುತ್ತೇನೆ ಅಂದರೆ ಅವರ ಕೈಗೂ ಕೊಡಬೇಡಿ. ಒಂದು ಗೀರೂ ಇಲ್ಲದ ನನ್ನ ಡಿವಿಡಿ ಹೀಗೇ ಹಾಳಾಯಿತು. ತೊಂದರೆ ಇದ್ದದ್ದು ಡಿಸ್ಕ್‌ನಲ್ಲಲ್ಲ, ಡ್ರೈವ್‌ನಲ್ಲಿ.

ಆಟ ಎರಡು ಡಿವಿಡಿಗಳಲ್ಲಿ ಬಂದಿತ್ತು. ಬಾಕ್ಸ್, ಮ್ಯಾನ್ಯುಯಲ್, ಅದರ ಹಿಂದೆ ಅಂಟಿಸಿದ್ದ ಸೀರಿಯಲ್ ನಂಬರ್ ಎಲ್ಲ ಹಾಗೇ ಇದ್ದವು. ಮೊದಲ ಡಿಸ್ಕ್ ಹಾಕಿದೆ, ಸೆಟಪ್ ಶುರುವಾಯಿತು, ಅರ್ಧ ದಾಟಿದ ಮೇಲೆ ನಿಂತುಬಿಟ್ಟಿತು. ಡ್ರೈವ್ ಒಮ್ಮೆ ಜೋರಾಗಿ ತಿರುಗುವುದು, ಮೆಲ್ಲಗಾಗುವುದು, ಒಳಗೆ ಟಿಕ್ ಟಿಕ್ ಅನ್ನುವುದು, ಮತ್ತೆ ಜೋರಾಗುವುದು. ಲೆನ್ಸ್ ಫೋಕಸ್ ಸಿಗದೆ ಹಿಂದೆ ಮುಂದೆ ತಡಕಾಡುವ ಸದ್ದು ಅದು. ಸ್ವಲ್ಪ ಹೊತ್ತಿಗೆ ಪರದೆ ಮೇಲೆ ಬಂತು: ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್.

ಹೆಸರು ದೊಡ್ಡದು, ವಿಷಯ ಚಿಕ್ಕದು. ಓದಿದ ಡೇಟಾವನ್ನು ಲೆಕ್ಕ ಹಾಕಿ ನೋಡಿದೆ, ಬರಬೇಕಿದ್ದ ಮೊತ್ತ ಬರಲಿಲ್ಲ ಅನ್ನುತ್ತಿದೆ ಕಂಪ್ಯೂಟರ್, ಅಷ್ಟೇ. ಯಾರಿಂದ ತಪ್ಪಾಯಿತು ಅಂತ ಅದು ಹೇಳುವುದಿಲ್ಲ. ಡಿಸ್ಕ್ ಇರಬಹುದು, ಡ್ರೈವ್ ಇರಬಹುದು, ಕೇಬಲ್ ಇರಬಹುದು, ರ‍್ಯಾಮ್ ಕೂಡ ಇರಬಹುದು. ರಿಟ್ರೈ ಒತ್ತಿದೆ. ಆ ಫೈಲ್ ದಾಟಿತು, ಮುಂದೆ ಇನ್ನೊಂದರಲ್ಲಿ ಸಿಕ್ಕಿಕೊಂಡಿತು. ಮೊದಲಿನಿಂದ ಶುರು ಮಾಡಿದರೆ ಸಂಬಂಧವೇ ಇಲ್ಲದ ಬೇರೆ ಜಾಗದಲ್ಲಿ ನಿಂತಿತು. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಷ್ಟರಲ್ಲಿ ಒಬ್ಬ ಗೆಳೆಯ ಬಂದ. ನಮ್ಮ ಗುಂಪಿನಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಅವನಿಗೇ ಫೋನ್ ಹೋಗುವುದು. ಹಾಡಿನ ಸಿಡಿ ಒಂದನ್ನು ಡ್ರೈವ್‌ಗೆ ಹಾಕಿದ. ಚೆನ್ನಾಗಿಯೇ ಹಾಡಿತು. "ನೋಡೋ, ಡ್ರೈವ್ ಕೆಟ್ಟಿದ್ರೆ ಇದು ಹೇಗೋ ಓದ್ತಿತ್ತು? ನಿನ್ನ ಡಿಸ್ಕೇ ಸರಿ ಇಲ್ಲ ಕಣೋ" ಅಂದ. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುತ್ತದೆ ಅಲ್ವಾ? ಇವತ್ತಿಗೂ ಎಷ್ಟೋ ಜನ ಡ್ರೈವ್ ಪರೀಕ್ಷೆ ಮಾಡುವುದು ಹೀಗೇ. ಅದಕ್ಕೇ ಇದು ಯಾಕೆ ಪರೀಕ್ಷೆಯೇ ಅಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಡಿ ಓದುವುದಕ್ಕೆ ಬೇಕಾದ ಲೇಸರ್ 780 ನ್ಯಾನೋಮೀಟರ್‌ದು, ಡಿವಿಡಿಗೆ ಬೇಕಾದ್ದು 650 ನ್ಯಾನೋಮೀಟರ್‌ದು. ಒಂದೇ ಡ್ರೈವ್, ಆದರೆ ಒಳಗೆ ಎರಡು ಬೇರೆ ಬೇರೆ ಲೇಸರ್. ವರ್ಷಗಳು ಕಳೆದಂತೆ ಒಂದು ಸೋತು, ಇನ್ನೊಂದು ಗಟ್ಟಿಯಾಗೇ ಇರಬಹುದು. ಸಿಡಿ ಎಲ್ಲ ಓದುತ್ತದೆ, ಡಿವಿಡಿ ಹಾಕಿದರೆ ಮಾತ್ರ ಒದ್ದಾಡುತ್ತದೆ ಅನ್ನುವ ಡ್ರೈವ್‌ಗಳು ಬೇಕಾದಷ್ಟಿವೆ. ಸಾಲದ್ದಕ್ಕೆ, ಹಾಡಿನ ಸಿಡಿ ತಪ್ಪನ್ನು ಮುಚ್ಚಿಡುತ್ತದೆ. ಓದಲಾಗದ ಒಂದೆರಡು ತುಣುಕು ಬಂದರೆ ಡ್ರೈವ್ ಹಿಂದಿನದ್ದನ್ನೂ ಮುಂದಿನದ್ದನ್ನೂ ನೋಡಿ ಅಂದಾಜಿನ ಮೇಲೆ ತುಂಬಿಬಿಡುತ್ತದೆ, ಕಿವಿಗೆ ಗೊತ್ತೇ ಆಗುವುದಿಲ್ಲ. ಗೇಮ್ ಫೈಲ್‌ನಲ್ಲಿ ಅಂದಾಜು ನಡೆಯುವುದಿಲ್ಲ. ಒಂದು ಬಿಟ್ ಹೆಚ್ಚುಕಮ್ಮಿ ಆದರೂ ಎರರ್ ಬರಲೇಬೇಕು. ಹಾಗಾಗಿ ಡಿವಿಡಿಗೆ ಎರರ್ ಬಂದರೆ ಡ್ರೈವ್ ಪರೀಕ್ಷೆಗೆ ಇನ್ನೊಂದು ಡಿವಿಡಿಯನ್ನೇ ಹಾಕಬೇಕು. ಹಾಕಿ ಸುಮ್ನೆ ತೆರೆದು ನೋಡಿದರೆ ಸಾಲದು, ಅದರಲ್ಲಿರುವ ಎಲ್ಲ ಫೈಲ್‌ಗಳನ್ನೂ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ನೋಡಬೇಕು.

ನಾನು ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಅವನು ಬಿಳಿ ಪೇಸ್ಟ್ ಹಚ್ಚಿ, ಬಟ್ಟೆಯಿಂದ ಗರಗರ ಸುತ್ತ ಉಜ್ಜುತ್ತಿದ್ದ. ತೊಳೆದು ಒರೆಸಿದ ಮೇಲೆ ನೋಡಿದರೆ, ಮುಖ ಕಾಣುತ್ತಿದ್ದ ಡಿಸ್ಕ್ ಮಂಜು ಮಂಜು. ಓರೆ ಮಾಡಿ ಹಿಡಿದಾಗ ನಡುವಿನ ರಂಧ್ರದ ಸುತ್ತ ಕೂದಲೆಳೆಯಂಥ ಬಳೆ ಗೀರುಗಳು ಕಂಡವು. ಡ್ರೈವ್‌ಗೆ ಹಾಕಿದರೆ, ದಯವಿಟ್ಟು ಡಿಸ್ಕ್ ಹಾಕಿ ಅಂತ ಕೇಳಿತು. ಒಳಗೆ ಡಿಸ್ಕ್ ಇರುವುದೇ ಅದಕ್ಕೆ ಗೊತ್ತಾಗುತ್ತಿರಲಿಲ್ಲ. "ಇನ್ನೂ ಸ್ವಲ್ಪ ಉಜ್ಜಬೇಕಿತ್ತು ಅನ್ಸುತ್ತೆ" ಅಂದ ಮಹಾನುಭಾವ.

ಸುತ್ತ ಉಜ್ಜಿದ್ದೇ ದೊಡ್ಡ ಅನಾಹುತ. ಡಿಸ್ಕ್‌ನಲ್ಲಿ ಡೇಟಾ ಇರುವುದು ನಡುವಿನಿಂದ ಅಂಚಿನವರೆಗೆ ಸುರುಳಿಯಾಗಿ ಸಾಗುವ ಒಂದೇ ಸಾಲಿನಲ್ಲಿ. ಉತ್ತ ಹೊಲವನ್ನು ಅಡ್ಡ ದಾಟಿದರೆ ಒಂದೊಂದು ಸಾಲಿನಲ್ಲೂ ಒಂದೊಂದು ಹೆಜ್ಜೆಯಷ್ಟೇ ಹಾಳು, ಸಾಲಿನುದ್ದಕ್ಕೇ ನಡೆದರೆ ಆ ಸಾಲು ಪೂರ್ತಿ ಹೋಯಿತು. ಇಲ್ಲೂ ಅಷ್ಟೆ. ಸಣ್ಣ ಪುಟ್ಟ ತೂತುಗಳನ್ನು ತುಂಬಿಕೊಳ್ಳುವುದಕ್ಕೆ ರೀಡ್-ಸಾಲೊಮನ್ ಅನ್ನುವ ತಿದ್ದುವ ಲೆಕ್ಕವನ್ನು ಸಿಡಿ, ಡಿವಿಡಿ ಎರಡರಲ್ಲೂ ಸೇರಿಸಿರುತ್ತಾರೆ. ಸಿಡಿಯಲ್ಲಾದರೆ ಸಾಲಿನುದ್ದಕ್ಕೆ ಸುಮಾರು 2.5 ಮಿಲಿಮೀಟರ್‌ವರೆಗಿನ ಹಾನಿಯನ್ನು ಅದು ಪೂರ್ತಿ ಸರಿ ಮಾಡುತ್ತದೆ. ಅಡ್ಡ ಗೀರು ಈ ಲೆಕ್ಕದಲ್ಲಿ ಮಾಯವಾಗುತ್ತದೆ. ಬಳೆಯಂತೆ ಸುತ್ತಿದ ಗೀರು ಮಾಯವಾಗುವುದಿಲ್ಲ. ಅದರಲ್ಲೂ ಡ್ರೈವ್ ಓದಲು ಶುರು ಮಾಡುವುದೇ ಒಳಗಿನಿಂದ, ಇದು ಯಾವ ಡಿಸ್ಕ್, ಇದರಲ್ಲಿ ಏನಿದೆ ಅನ್ನುವ ಮಾಹಿತಿ ಇರುವುದು ಅಲ್ಲೇ. ಗೆಳೆಯ ಜಾಸ್ತಿ ಒತ್ತಿ ಉಜ್ಜಿದ್ದೂ ಅಲ್ಲೇ.

ಟೂತ್‌ಪೇಸ್ಟ್‌ನಿಂದ ನಮ್ಮ ಡಿಸ್ಕ್ ಸರಿಹೋಯಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಪೇಸ್ಟ್‌ನಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಮೇಲ್ಮೈಯಲ್ಲಿ ಒಂದು ಗೀರಿದ್ದರೆ ಅದರ ಅಂಚನ್ನು ಸವೆಸಿ ಬೆಳಕು ಚದುರುವುದನ್ನು ಕಮ್ಮಿ ಮಾಡಬಲ್ಲದು. ಗೀರೇ ಇಲ್ಲದ ಡಿಸ್ಕ್‌ಗೆ ಹಚ್ಚಿದರೆ ಹೊಸ ಗೀರು ಮಾಡುವುದೊಂದೇ ಅದರ ಕೆಲಸ. ಬ್ಲೂರೇಗಂತೂ ಯಾವ ಕಾರಣಕ್ಕೂ ಬೇಡ. ಅದರಲ್ಲಿ ಡೇಟಾ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿರುತ್ತದೆ. ಬಾಳೆಹಣ್ಣಿನ ಸಿಪ್ಪೆ, ಫ್ರಿಜ್‌ನಲ್ಲಿಡುವುದು ಇವೆಲ್ಲದರ ಬಗ್ಗೆ ನಾನು ಮಾತಾಡುವುದಿಲ್ಲ.

ಆಮೇಲೆ ಬೇರೆ ಡ್ರೈವ್ ಸಿಕ್ಕಿತು. ಹಳೆಯ ಡ್ರೈವ್‌ನಲ್ಲಿ ಎರಡನೇ ಡಿಸ್ಕ್ ಕೂಡ ಮೊದಲನೆಯದರಂತೆಯೇ ತಿಣುಕಾಡಿತ್ತು, ಅದಕ್ಕೆ ಪುಣ್ಯಕ್ಕೆ ಪೇಸ್ಟ್ ಬಿದ್ದಿರಲಿಲ್ಲ. ಹೊಸ ಡ್ರೈವ್‌ನಲ್ಲಿ ಹಾಕಿದರೆ ಒಂದೂ ಎರರ್ ಇಲ್ಲದೆ ಪೂರ್ತಿ ಕಾಪಿ ಆಯಿತು. ಮೊದಲನೆಯದೂ ಹಾಗೇ ಬರುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಅದನ್ನು ಉಳಿಸಿಕೊಳ್ಳಲು ಡಿಡಿರೆಸ್ಕ್ಯೂ ಅನ್ನುವ ಉಚಿತ ಪ್ರೋಗ್ರಾಂ ಹಿಡಿದು ಕೂತೆ. ಇದು ಸುಲಭದ ಭಾಗಗಳನ್ನು ಮೊದಲು ಓದಿಕೊಂಡು, ಸಿಗದ ಜಾಗಗಳನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಅದೇ ಮ್ಯಾಪ್ ಇಟ್ಟುಕೊಂಡು ಡಿಸ್ಕನ್ನು ಇನ್ನೊಂದು ಡ್ರೈವ್‌ಗೆ ಹಾಕಿದರೆ ಬಾಕಿ ಇರುವ ಜಾಗಗಳನ್ನಷ್ಟೇ ಓದಲು ನೋಡುತ್ತದೆ. ಒಂದು ಡ್ರೈವ್ ಬಿಟ್ಟದ್ದನ್ನು ಇನ್ನೊಂದು ಓದುವುದುಂಟು, ಹಾಗಾಗಿ ಒಳ್ಳೆಯ ಉಪಾಯ. ನನಗೂ ತುಂಬಾ ಭಾಗ ಸಿಕ್ಕಿತು, ಪೂರ್ತಿ ಸಿಗಲಿಲ್ಲ. ಡಿವಿಡಿಯಲ್ಲಿ 2048 ಬೈಟ್‌ನ 16 ಸೆಕ್ಟರ್ ಸೇರಿ ಒಂದು ಗುಂಪು, ತಿದ್ದುವ ಲೆಕ್ಕ ನಡೆಯುವುದು ಗುಂಪಿನ ಮೇಲೆ. ಲೆಕ್ಕ ಕೈಕೊಟ್ಟರೆ 32 ಕೆಬಿ ಒಟ್ಟಿಗೇ ಹೋಗುತ್ತದೆ. ನನ್ನ ದುರದೃಷ್ಟಕ್ಕೆ ಹೋದ ಗುಂಪುಗಳು ಆಟದ ಮುಖ್ಯ ಕ್ಯಾಬ್ ಫೈಲ್‌ನೊಳಗೇ ಇದ್ದವು. ಅದು ಕುಗ್ಗಿಸಿಟ್ಟ ಫೈಲ್, ನಡುವೆ ತೂತು ಬಿದ್ದರೆ ಮುಂದಿನದ್ದೂ ಬಿಚ್ಚಿಕೊಳ್ಳುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಎರರ್ ಬಂತು ಅಂದುಕೊಳ್ಳಿ. ಪ್ರತಿ ಸಲ ಅದೇ ಫೈಲ್‌ನಲ್ಲಿ, ಅದೇ ಜಾಗದಲ್ಲಿ ನಿಲ್ಲುತ್ತದಾ? ಹಾಗಾದರೆ ಡಿಸ್ಕ್ ಮೇಲೆ ಅನುಮಾನ ಪಡಬಹುದು. ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದಾ? ಡಿಸ್ಕ್ ಬಿಟ್ಟು ಡ್ರೈವ್, ಕೇಬಲ್, ರ‍್ಯಾಮ್ ಕಡೆ ನೋಡಿ. ನನ್ನದು ಎರಡನೇ ಬಗೆ, ಮೊದಲ ದಿನವೇ ಕಣ್ಣೆದುರಿಗೆ ಇತ್ತು. ಫೈಲ್‌ಗಳು ಹಾರ್ಡ್ ಡಿಸ್ಕ್‌ಗೆ ಎರರ್ ಇಲ್ಲದೆ ಕಾಪಿ ಆಗಿ, ಅಲ್ಲಿಂದ ಇನ್‌ಸ್ಟಾಲ್ ಮಾಡುವಾಗ ಸಿಆರ್‌ಸಿ (ಅದೇ ಸೈಕ್ಲಿಕ್ ರಿಡಂಡೆನ್ಸಿ ಚೆಕ್) ಎರರ್ ಅಂದರೆ ರ‍್ಯಾಮ್ ಕೆಟ್ಟಿರುವ ಸಾಧ್ಯತೆ ಇದೆ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಹಾಕಿ ಒಂದು ರಾತ್ರಿ ಓಡಲು ಬಿಡಿ.

ಯುಎಸ್‌ಬಿಗೆ ಚುಚ್ಚುವ ತೆಳು ಡ್ರೈವ್ ಆಗಿದ್ದರೆ ಮೊದಲು ಕರೆಂಟ್ ಸಾಲುತ್ತಿದೆಯಾ ನೋಡಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್. ಡಿಸ್ಕ್ ವೇಗ ಹಿಡಿಯುವ ಹೊತ್ತಿಗೆ ಕೆಲವು ಡ್ರೈವ್‌ಗಳಿಗೆ ಅದು ಸಾಲುವುದಿಲ್ಲ. ಹಬ್ ತೆಗೆದು ನೇರ ಪೋರ್ಟ್‌ಗೆ ಹಾಕಿ, ಎರಡು ಬಾಯಿಯ ಕೇಬಲ್ ಬಂದಿದ್ದರೆ ಎರಡನ್ನೂ ಚುಚ್ಚಿ. ಹಳೆಯ ಆಟಗಳಿಗೆಂದೇ ವಿಂಡೋಸ್ ಎಕ್ಸ್‌ಪಿ ಮೆಷಿನ್ ಇಟ್ಟವರು ಇನ್ನೊಂದು ತಿಳಿದಿರಿ. ಓದುವಾಗ 6 ಸಲ ಎರರ್ ಆದರೆ ಎಕ್ಸ್‌ಪಿ ಆ ಡ್ರೈವ್‌ನ ವೇಗ ಇಳಿಸುತ್ತದೆ, ಹೀಗೇ ಇಳಿಯುತ್ತಾ ಕೊನೆಗೆ ಪಿಐಒ ಅನ್ನುವ ತೀರಾ ನಿಧಾನದ ಮೋಡ್‌ಗೆ ಬಂದು ನಿಲ್ಲುತ್ತದೆ. ಆಮೇಲೆ ಒಳ್ಳೆಯ ಡಿಸ್ಕ್ ಹಾಕಿದರೂ ಎಲ್ಲವೂ ಆಮೆ ನಡಿಗೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಡ್ರೈವ್ ಕೂತಿರುವ ಐಡಿಇ ಚಾನೆಲ್ ತೆಗೆದುಹಾಕಿ ರೀಸ್ಟಾರ್ಟ್ ಮಾಡಿದರೆ ವಾಪಸ್ ಬರುತ್ತದೆ.

ಎರರ್ ಪೆಟ್ಟಿಗೆಯಲ್ಲಿ ರಿಟ್ರೈ ಪಕ್ಕ ಇಗ್ನೋರ್ ಅಂತ ಒಂದು ಬಟನ್ ಇರುತ್ತದೆ ನೋಡಿ, ಅದನ್ನು ಮುಟ್ಟಬೇಡಿ. ಇನ್‌ಸ್ಟಾಲ್ ಮುಗಿಯುತ್ತದೆ, ಆಟವೂ ಶುರುವಾಗುತ್ತದೆ. ಬಿಟ್ಟುಹೋದ ಫೈಲ್ ಬೇಕಾಗುವ ಹಂತಕ್ಕೆ ಬಂದಾಗ ಆಟ ಬಿದ್ದುಹೋಗುತ್ತದೆ. ಅಷ್ಟು ದೂರ ಆಡಿದ ಮೇಲೆ ಅದಕ್ಕೂ ಡಿಸ್ಕ್‌ಗೂ ಸಂಬಂಧ ಇದೆ ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ಡಿಸ್ಕ್‌ನಲ್ಲೇ ತೊಂದರೆ ಅನ್ನಿಸಿದರೂ ಮೊದಲು ಬರೀ ಒರೆಸಿ. ಎಳೆ ಬಿಡದ ಮೆತ್ತನೆ ಬಟ್ಟೆ, ಬೇಕಿದ್ದರೆ ಸ್ವಲ್ಪ ಸೋಪಿನ ನೀರು, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ. ಅಸಿಟೋನ್, ಥಿನ್ನರ್ ಹತ್ತಿರವೂ ಸುಳಿಯಬಾರದು, ಪ್ಲಾಸ್ಟಿಕ್ ಬಿಳಿಚಿಕೊಂಡು ಬಿರುಕು ಬಿಡುತ್ತದೆ. ಸಿಡಿ ಆದರೆ ಹೆಸರು ಬರೆದಿರುವ ಬದಿಯನ್ನೂ ನೋಡಿ. ಹೊಳೆಯುವ ಬದಿಯಲ್ಲಿ ಒಂದು ಮಿಲಿಮೀಟರ್‌ಗಿಂತ ದಪ್ಪ ಪ್ಲಾಸ್ಟಿಕ್ ರಕ್ಷಣೆ ಇದೆ, ಲೇಬಲ್ ಬದಿಯಲ್ಲಿ ತೆಳುವಾದ ವಾರ್ನಿಶ್ ಅಷ್ಟೇ. ಅಲ್ಲಿ ಕೆರೆದರೆ ಡೇಟಾ ಪದರವೇ ಕಿತ್ತು ಬರುತ್ತದೆ, ಯಾವ ಪಾಲಿಶ್ ಯಂತ್ರವೂ ಅದನ್ನು ತರಲಾರದು. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅಲ್ಲಿ ಪದರ ಹೋಗಿದೆ ಅಂತಲೇ ಅರ್ಥ. ನಡುವಿನ ರಂಧ್ರದ ಅಂಚಿನಲ್ಲಿ ಬಿರುಕಿದ್ದರೆ ಆ ಡಿಸ್ಕನ್ನು ಡ್ರೈವ್‌ಗೆ ಹಾಕಲೇಬೇಡಿ. 52 ಎಕ್ಸ್ ಡ್ರೈವ್ ಸಿಡಿಯನ್ನು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ. ಆ ವೇಗದಲ್ಲಿ ಒಡೆದರೆ ಚೂರುಗಳು ಡ್ರೈವನ್ನೂ ಮುಗಿಸುತ್ತವೆ.

ಓದುವ ಡ್ರೈವ್ ಸಿಕ್ಕ ದಿನ ಇನ್‌ಸ್ಟಾಲ್ ಆಮೇಲೆ, ಮೊದಲು ಎಲ್ಲ ಡಿಸ್ಕ್‌ಗಳ ಐಎಸ್‌ಒ, ಅಂದರೆ ಇಡೀ ಡಿಸ್ಕ್‌ನ ಪಡಿಯಚ್ಚಿನಂಥ ಒಂದು ಫೈಲ್, ಮಾಡಿಟ್ಟುಕೊಳ್ಳಿ. ಐಎಸ್‌ಒ ಮಾಡಿಕೊಡುವ ಇಮ್ಗ್‌ಬರ್ನ್ ಅನ್ನುವ ಪ್ರೋಗ್ರಾಂನಲ್ಲಿ ಓದುವ ವೇಗ ಇಳಿಸುವ ಆಯ್ಕೆ ಇದೆ, ಹಳೆಯ ಡಿಸ್ಕ್‌ಗೆ ಇಳಿಸಿಯೇ ಓದಿಸಿ. ವಿಂಡೋಸ್ 8ರಿಂದ ಈಚೆಗೆ ಐಎಸ್‌ಒ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದೇ ಡಿಸ್ಕ್‌ನಂತೆ ತೆರೆದುಕೊಳ್ಳುತ್ತದೆ. ಎರಡನೇ ಡಿಸ್ಕ್ ಹಾಕಿ ಅಂದಾಗಲೂ ಕಷ್ಟವಿಲ್ಲ.

ಇಷ್ಟೆಲ್ಲ ಒದ್ದಾಡುವ ಮುಂಚೆ ಆಟದಲ್ಲಿ ಸೇಫ್‌ಡಿಸ್ಕ್ ಇದೆಯಾ ಅಂತ ತಿಳಿದುಕೊಳ್ಳಿ. ಇದು ಕಾಪಿ ತಡೆಯಲು ಬೇಕಂತಲೇ ಓದಲಾಗದ ಸೆಕ್ಟರ್‌ಗಳನ್ನು ಡಿಸ್ಕ್‌ನಲ್ಲಿ ಇಡುತ್ತದೆ. ಐಎಸ್‌ಒ ಮಾಡುವಾಗ ಒಳ್ಳೆಯ ಡಿಸ್ಕ್ ಮೇಲೂ ಸಾಲುಸಾಲು ರೀಡ್ ಎರರ್ ಬರುತ್ತವೆ, ಗಾಬರಿಯಾಗಿ ಉಜ್ಜಲು ಹೋಗಬೇಡಿ. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಸೇಫ್‌ಡಿಸ್ಕ್ ನಡೆಯುವುದೇ ಇಲ್ಲ. ಅದೇ ವರ್ಷ ವಿಂಡೋಸ್ 7 ಮತ್ತು 8ಕ್ಕೂ ಅದರ ಡ್ರೈವರ್ ತಡೆಯುವ ಅಪ್‌ಡೇಟ್ ಬಂತು. ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಅಂಥ ಆಟ ಇನ್‌ಸ್ಟಾಲ್ ಆಗುತ್ತದೆ, ಶುರುವಾಗುವುದಿಲ್ಲ. ಆಟಗಳನ್ನು ಡೌನ್‌ಲೋಡ್‌ಗೆ ಮಾರುವ ಗಾಗ್‌ನಂಥ (GOG) ವೆಬ್‌ಸೈಟ್‌ಗಳಲ್ಲಿ ಅದೇ ಆಟ ಡಿಸ್ಕ್ ತಂಟೆ ಇಲ್ಲದೆ ಸಿಗುತ್ತದಾ ಅಂತ ಮೊದಲು ಹುಡುಕಿ. ನನ್ನ ಆಟ ಅಲ್ಲೂ ಇಲ್ಲ.