ದಾವಣಗೆರೆಯಲ್ಲಿ ಸಣ್ಣ ಫ್ಲ್ಯಾಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ರಾಮ್ ಅಂಡ್ ಕೋ ಸರ್ಕಲ್, ಪಿ.ಜೆ. ಬಡಾವಣೆ ಕಡೆ ಒಂದು ಬೆಡ್‌ರೂಮಿನ ಫ್ಲ್ಯಾಟ್ ಹುಡುಕುತ್ತಿರುವವರು ದಯವಿಟ್ಟು ಎರಡು ನಿಮಿಷ ಕೊಡಿ. 3 ಲಕ್ಷ ಅಡ್ವಾನ್ಸ್ ಕೊಟ್ಟು ಒಂಬತ್ತು ತಿಂಗಳಿಂದ ಅಲೆಯುತ್ತಿದ್ದೇನೆ. ನಿಮಗೆ ಹೀಗಾಗಬಾರದು.

ಜಗಳೂರಿನಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಮಂಡಿನೋವು, ಬಿ.ಪಿ. ಬೇರೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ದಾವಣಗೆರೆ ಆಸ್ಪತ್ರೆಗೆ ಬರಬೇಕು. ನಮ್ಮ ಬಾಡಿಗೆ ಮನೆ ನಾಲ್ಕು ಜನಕ್ಕೇ ಇಕ್ಕಟ್ಟು. ಅವಳಿಗೆಂದೇ ಒಂದು ಪುಟ್ಟ ಮನೆ ಕೊಳ್ಳೋಣ ಅಂತ ಹೊರಟಾಗ ಪರಿಚಯದವರ ಮೂಲಕ ಒಬ್ಬ ಬ್ರೋಕರ್ ಸಿಕ್ಕ. ಮೂರನೇ ಮಹಡಿ, ಲಿಫ್ಟ್ ಇದೆ, 24 ಲಕ್ಷ. ಕೆಳಗಿಳಿದರೆ ತರಕಾರಿ ಗಾಡಿ, ಔಷಧಿ ಅಂಗಡಿ, ಸಂಜೆಯಾದರೆ ಮಿರ್ಚಿ ಕರಿಯುವ ವಾಸನೆ. ಅವ್ವ ಬಾಲ್ಕನಿಯ ಕಂಬಿ ಹಿಡಿದು, ಕೆಳಗೆ ಓಡಾಡುವ ಜನರನ್ನು ನೋಡುತ್ತಾ ಹತ್ತು ನಿಮಿಷ ನಿಂತಳು. "ಇಲ್ಲಿದ್ರೆ ಒಬ್ಬಾಕೆ ಅದೀನಿ ಅನ್ಸಲ್ಲ ಬಿಡವ್ವ" ಅಂದಳು. ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವಸರಪಟ್ಟೆ.

ಬ್ರೋಕರ್ ಕೊಟ್ಟಿದ್ದು ಕಂದಾಯ ರಸೀದಿಯ ಜೆರಾಕ್ಸ್, ನಿವೇಶನದ ಕ್ರಯಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ) ಇಷ್ಟೇ. ಇ.ಸಿ.ಯಲ್ಲಿ ಸಾಲ, ಅಡಮಾನ ಏನೂ ಇರಲಿಲ್ಲ. ಅದನ್ನು ನೋಡಿಯೇ ನನಗೆ ಧೈರ್ಯ ಬಂದಿದ್ದು, ನಾನು ಎಡವಿದ್ದೂ ಅಲ್ಲೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಇ.ಸಿ.ಯಲ್ಲಿ ಬರುತ್ತವೆ. ಎಷ್ಟು ಅಂತಸ್ತಿಗೆ ಪರವಾನಗಿ ಇದೆ, ಎಷ್ಟು ಕಟ್ಟಿದ್ದಾರೆ ಅನ್ನುವುದು ಅದರಲ್ಲಿ ಇರುವುದಿಲ್ಲ.

"ಇ-ಖಾತಾ ಎಲ್ಲಿ?" ಅಂತ, ಅಂದರೆ ಪಾಲಿಕೆ ಕೊಡುವ ಡಿಜಿಟಲ್ ಆಸ್ತಿ ದಾಖಲೆ ಎಲ್ಲಿ ಅಂತ ಕೇಳಿದ್ದೆ, ಇಲ್ಲ ಅಂತಲ್ಲ. "ಅರ್ಜಿ ಹಾಕೀವ್ರಿ ಮೇಡಂ, ವಾರದಾಗ ಬರ್ತದೆ. ನಾಳೆ ಇನ್ನೊಂದು ಪಾರ್ಟಿ ಬರ್ತಾರೆ, ಇವತ್ತೇ ಟೋಕನ್ ಹಾಕಿಬಿಡ್ರಿ" ಅಂದ. ಒಂದು ಲಕ್ಷ ಚೆಕ್, ಎರಡು ಲಕ್ಷ ನಗದು ಕೊಟ್ಟೆ. ನೋಂದಣಿಯಿಲ್ಲದ ಒಂದು ಕರಾರು ಪತ್ರ. ಖಾತೆ ಆಗದಿದ್ದರೆ, ಬ್ಯಾಂಕ್ ಸಾಲ ಸಿಗದಿದ್ದರೆ ಹಣ ವಾಪಸ್ ಕೊಡಬೇಕು ಎಂಬ ಒಂದು ಸಾಲು ಅದರಲ್ಲಿ ಇರಲಿಲ್ಲ. ಬರೆಸಬೇಕು ಅಂತ ನನಗೂ ಹೊಳೆಯಲಿಲ್ಲ.

ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಮೊದಲು ಕೇಳಿದ್ದೇ ಮಂಜೂರಾದ ನಕ್ಷೆ. ಮಾಲೀಕರ ಹಿಂದೆ ಮೂರು ವಾರ ತಿರುಗಿದ ಮೇಲೆ ಅದರ ಪ್ರತಿ ಸಿಕ್ಕಿತು. ಮೇಜಿನ ಮೇಲೆ ಹರಡಿ ವಕೀಲರು ಬೆರಳಿಟ್ಟು ತೋರಿಸಿದರು: ನೆಲಮಹಡಿ, ಒಂದನೇ ಮಹಡಿ, ಎರಡನೇ ಮಹಡಿ. ಅಲ್ಲಿಂದ ಮೆಟ್ಟಿಲು ನೇರ ತಾರಸಿಗೆ. ಅವ್ವನ ಅಡುಗೆಮನೆ ಅಂತ ನಾನು ಅಂದುಕೊಂಡ ಜಾಗದಲ್ಲಿ ನೀರಿನ ಟ್ಯಾಂಕ್ ಬರೆದಿತ್ತು. ನಮ್ಮ ಮಹಡಿಯೇ ಕಾಗದದಲ್ಲಿ ಇರಲಿಲ್ಲ!

ಸಾಲ ತಿರಸ್ಕಾರವಾಯಿತು. ನಗದು ಹೊಂದಿಸಿದರೂ ಕೊಳ್ಳುವ ಹಾಗಿಲ್ಲ, ಯಾಕೆಂದರೆ 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳಿಗೆ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಪಾಲಿಕೆಯಲ್ಲಿ ವಿಚಾರಿಸಿದರೆ ಆ ಮನೆಯ ಹೆಸರಿನಲ್ಲಿ ಅರ್ಜಿಯೇ ಬಂದಿಲ್ಲ ಅಂದರು.

ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡೋಣ ಅಂದುಕೊಂಡೆ. 2016ರ ರೇರಾ ಕಾಯ್ದೆಯಲ್ಲಿ, ಮಾರಾಟ ಕರಾರನ್ನು ನೋಂದಣಿ ಮಾಡಿಸದೆ ಬಿಲ್ಡರ್ 10%ಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು 8ಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿ ಬೇಕಿಲ್ಲ. ಇದು 40x60 ನಿವೇಶನ, ಅಂದರೆ ಸುಮಾರು 223 ಚದರ ಮೀಟರ್. ನಮ್ಮೂರಿನಂಥ ಕಡೆ ಹಳೇ ಮನೆ ಕೆಡವಿ ಕಟ್ಟುವ ಸಣ್ಣ ಅಪಾರ್ಟ್‌ಮೆಂಟ್‌ಗಳು ಹೆಚ್ಚಾಗಿ ಇಂಥ ಅಳತೆಯವೇ. ಅಲ್ಲಿ ನಮ್ಮ ಕಾಗದ ನಾವೇ ನೋಡಿಕೊಳ್ಳಬೇಕು.

ಅಳತೆಯ ವಿಷಯವನ್ನೂ ಹೇಳಿಬಿಡುತ್ತೇನೆ. 600 ಚದರ ಅಡಿ ಅಂದಿದ್ದರು. ತಮ್ಮನನ್ನು ಕರೆದುಕೊಂಡು ಹೋಗಿ ಟೇಪ್ ಹಿಡಿದರೆ ಒಳಗೆ ಸಿಕ್ಕಿದ್ದು 430. ಉಳಿದದ್ದು ಮೆಟ್ಟಿಲು, ಲಿಫ್ಟ್, ಗೋಡೆ, ಬಾಲ್ಕನಿ. ಬೆಲೆ ಮಾತಾಡುವಾಗ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಎಷ್ಟು ಅಂತಲೇ ಕೇಳಿ.

ಚೆಕ್ಕಿನ ಒಂದು ಲಕ್ಷಕ್ಕೆ ಬ್ಯಾಂಕಿನ ದಾಖಲೆ ಇತ್ತು. ವಕೀಲರ ನೋಟಿಸ್ ಹೋದ ಮೇಲೆ ಅದು ಬಂತು. ನಗದಿಗೆ ಮಾತ್ರ "ಎರಡಲ್ಲ, ಒಂದೇ ಕೊಟ್ಟಿದ್ದು" ಅಂತ ವಾದ ಶುರುವಾಯಿತು. ಹಿರಿಯರನ್ನು ಕೂರಿಸಿ ಮಾತಾಡಿ ಇನ್ನೊಂದು ಲಕ್ಷ ಬಿಡಿಸಿಕೊಂಡೆ. ಕೊನೆಯ ಲಕ್ಷ ಇವತ್ತಿಗೂ ಬಂದಿಲ್ಲ. ಅದು ನನ್ನ ಬಳೆ ಅಡವಿಟ್ಟ ದುಡ್ಡು.

ಹಾಗಾಗಿ ಟೋಕನ್ ಅಂತ ಹತ್ತು ಸಾವಿರ ಕೊಡುವ ಮುಂಚೆಯೂ ಆ ಮನೆಯದೇ ಇ-ಖಾತಾ ಮತ್ತು ಮಂಜೂರಾದ ನಕ್ಷೆ ಕೇಳಿ. ಇಡೀ ನಿವೇಶನದ ಖಾತೆ ತೋರಿಸಿದರೆ ಒಪ್ಪಬೇಡಿ. ನಕ್ಷೆಯಲ್ಲಿ ನಿಮ್ಮ ಮಹಡಿ ಇದೆಯೇ ಅಂತ ಬೆರಳಿಟ್ಟು ಎಣಿಸಿ. ಆಮೇಲೆ ನಿಮ್ಮ ಕಡೆಯ ವಕೀಲರಿಗೆ ಕೊಡಿ, ಬ್ರೋಕರ್ ಹೇಳಿದವರಿಗಲ್ಲ. ನಗದು ಕೊಡಲೇಬೇಡಿ.

ಮೊನ್ನೆ ಅದೇ ರಸ್ತೆಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿದೆ. ಅವ್ವ ನಿಂತಿದ್ದ ಬಾಲ್ಕನಿಯ ಕಂಬಿಗೆ "ಮಾರಾಟಕ್ಕಿದೆ" ಅನ್ನುವ ಹೊಸ ಬೋರ್ಡ್ ಕಟ್ಟಿದ್ದಾರೆ.